ಮರಳಿನ ಕೊಡಕ್ಕೊಂದು ಬಿ ಫಾರಂ

ಮಲಪ್ರಭೆಯ ದಂಡೆಯಲ್ಲಿ ಸಾರ್ವಜನಿಕ ಹುದ್ದೆ ವಹಿಸಿಕೊಂಡ ಮೊದಲ ಹೆಣ್ಣುಮಗಳು ರೇಣುಕೆ. ಕೆಲಸ ಇಷ್ಟೇ: ನಸುಕಿಗೇ ಹೊಳೆಗೆ ಹೋಗಬೇಕು, ಹಸಿ ಮರಳಿನಲ್ಲಿ ಕೊಡ ಮಾಡಬೇಕು, ಹಾವನ್ನು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಳ್ಳಬೇಕು, ಗಂಡ ಜಮದಗ್ನಿಯ ಪೂಜೆಯ ಹೊತ್ತಿಗೆ ನೀರು ಮುಟ್ಟಿಸಬೇಕು. ಸಂಬಳವಿಲ್ಲ, ವಾರದ ರಜೆಯಿಲ್ಲ. ಮನಸ್ಸು ಒಂದಿಷ್ಟೂ ಕದಲದಿದ್ದರೆ ಮಾತ್ರ ಮರಳು ಕೊಡವಾಗಿ ನಿಲ್ಲುತ್ತಿತ್ತು. ದಿನಾ ಬೆಳಿಗ್ಗೆ ಹಾಜರಿ, ದಿನಾ ಬೆಳಿಗ್ಗೆ ತಪಾಸಣೆ. ಬಯೋಮೆಟ್ರಿಕ್ ಯಂತ್ರ ಇಟ್ಟ ಯಾವ ಕಚೇರಿಯೂ ನೌಕರರ ಮನಸ್ಸಿನೊಳಗೆ ಇಷ್ಟು ದೂರ ಹೋಗಿಲ್ಲ.

ಒಂದು ದಿನ ಹೊಳೆಯಲ್ಲಿ ಗಂಧರ್ವರು ಜಲಕ್ರೀಡೆ ಆಡುತ್ತಿದ್ದರು. ಮಹಾಭಾರತ ಗಂಧರ್ವರನ್ನು ಬಿಟ್ಟು ಚಿತ್ರರಥನೆಂಬ ಅರಸನ ಹೆಸರು ಹೇಳುತ್ತದೆ. ನಮ್ಮ ಕಡೆಯವರಿಗೆ ಹೆಸರಿನ ಗೊಡವೆ ಇಲ್ಲ. ರೇಣುಕೆ ನೋಡಿದಳು, ಒಂದು ಗಳಿಗೆ ಮನಸ್ಸು ಅತ್ತ ಹೋಯಿತು, ಮರಳು ಕೊಡವಾಗಲಿಲ್ಲ. ಆಮೇಲಿನದು ಎಲ್ಲರಿಗೂ ಗೊತ್ತು. ಕಾರಣ ಕೇಳಿ ನೋಟಿಸು ಹೋಗಲಿಲ್ಲ, ವಿಚಾರಣೆ ನಡೆಯಲಿಲ್ಲ, ತಾಯಿಯನ್ನು ಕೊಲ್ಲಲು ಸೀದಾ ಮಕ್ಕಳಿಗೆ ಆದೇಶ. ಉಳಿದವರು ಒಲ್ಲೆ ಎಂದರು, ಪರಶುರಾಮ ಕೊಡಲಿ ಎತ್ತಿದ. ಮೆಚ್ಚಿದ ಅಪ್ಪ ವರ ಕೇಳು ಎಂದಾಗ ಮಗ ಕೇಳಿದ್ದರಲ್ಲಿ ಒಂದು ವರವನ್ನು ಯಾರೂ ಹೆಚ್ಚಾಗಿ ಎತ್ತಿ ಆಡುವುದಿಲ್ಲ. ತಾಯಿ ಬದುಕಬೇಕು ಸರಿ. ಆದರೆ ತನ್ನನ್ನು ಕೊಂದ ನೆನಪು ಆಕೆಗೆ ಇರಬಾರದು. ಮಹಾಭಾರತದಲ್ಲೇ ಇದೆ. ಅಂದರೆ ಎಚ್ಚರಾದ ಮೇಲೆ ರೇಣುಕೆ ಎಂದಿನಂತೆ ಒಲೆ ಹೊತ್ತಿಸಿದಳು, ಗಂಡ ಎಂದಿನಂತೆ ಪೂಜೆಗೆ ಕೂತ, ಕೊಡಲಿ ತೊಳೆದು ಮೂಲೆಗೆ ನಿಲ್ಲಿಸಿದ್ದರು. ಮನೆಯಲ್ಲಿ ಎಲ್ಲರ ಮುಖವೂ ಸಮಾಧಾನ. ಯಾರೂ ಯಾರ ಕ್ಷಮೆಯನ್ನೂ ಕೇಳುವ ಕಿರಿಕಿರಿ ಉಳಿಯಲಿಲ್ಲ.

ನಮ್ಮ ಸೀಮೆಯವರ ಬುದ್ಧಿವಂತಿಕೆ ನೋಡಿ. ಪರೀಕ್ಷೆಯಲ್ಲಿ ನಪಾಸಾದವಳನ್ನು ಯಲ್ಲಮ್ಮ ಎಂದು ಕರೆದು ಸವದತ್ತಿಯ ಗುಡ್ಡದ ಮೇಲಿಟ್ಟು ಉಧೋ ಉಧೋ ಎಂದೆವು. ಪರೀಕ್ಷೆಯನ್ನು ಮಾತ್ರ ರದ್ದು ಮಾಡಲಿಲ್ಲ.

ಒಂದು ಕೊಡ ನೀರು ತರಲಾಗದ್ದಕ್ಕೆ ತಲೆ ಕೊಟ್ಟವಳ ಹೆಸರಿನಲ್ಲಿ ನವಿಲುತೀರ್ಥದಲ್ಲಿ ಇವತ್ತು 37.73 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ರೇಣುಕಾಸಾಗರ. ಎರಡು ಗುಡ್ಡಗಳ ನಡುವೆ ಹೊಳೆ ಮೈ ಹಿಡಿಮಾಡಿಕೊಂಡು ನುಗ್ಗುವ ಜಾಗವಾದ್ದರಿಂದ ಅಣೆಕಟ್ಟು 155 ಮೀಟರಿಗಿಂತಲೂ ಕಡಿಮೆ ಉದ್ದದ್ದು; ಅದರ ಬೆನ್ನಿಗೆ ನಿಂತ ನೀರಿಗೆ ಮಾತ್ರ ಕಣ್ಣಳತೆ ಸಾಲದು. 1970ರ ದಶಕದ ಆರಂಭದಲ್ಲಿ ಕಟ್ಟಿ ಮುಗಿಸಿದ್ದು. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು, ನವಲಗುಂದ-ನರಗುಂದದವರು ಹೊಲಕ್ಕೆ ಹಾಯಿಸುವುದು, ಹಾಯಿಸಲು ಸಿಗದಾಗ ಹೋರಾಟಕ್ಕೆ ಕೂರುವುದು, ಎಲ್ಲ ಇದೇ ನೀರಿನ ಹೆಸರಿನಲ್ಲಿ.

ಜಲಾಶಯ ತುಂಬುವುದೇ ಹಿಂದೆಲ್ಲ ಅಪರೂಪ. ತುಂಬಿದರೆ ಬಾಗಿನ. ಮುತ್ತೈದೆಗೆ ಮುತ್ತೈದೆ ಕೊಡುವ ಮೊರ ಅದು: ಅರಿಶಿನ, ಕುಂಕುಮ, ಹಸಿರು ಬಳೆ, ಖಣ, ಕಾಯಿ, ಕಾಳು. ಕೊಡುವವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗಂಡಸರು. ಮೊರದ ಒಂದೊಂದು ಅಂಚನ್ನು ನಾಲ್ಕು ಜನ ಹಿಡಿದಿರುತ್ತಾರೆ. ಹಿಡಿಯಲು ಅಂಚು ಸಿಗದವರು ಹಿಡಿದವರ ಮೊಣಕೈ ಹಿಡಿದಿರುತ್ತಾರೆ. ಎಲ್ಲರ ಮುಖ ಕ್ಯಾಮೆರಾದ ಕಡೆಗೆ, ಬಾಗಿನ ಮಾತ್ರ ನೀರಿನ ಕಡೆಗೆ. ಹಿಂದಿನ ಸಾಲಿನಲ್ಲಿ ನಿಂತ ಎಂಜಿನಿಯರ ಒಬ್ಬನೇ ಫೋಟೋಕ್ಕೆ ಒದಗುವುದಿಲ್ಲ. ಅವನ ಕಣ್ಣು ಮೊಬೈಲಿನ ಮೇಲೆ. ಖಾನಾಪುರದ ಕಾಡಿನಲ್ಲಿ ಮಳೆ ನಿಂತಿಲ್ಲ, ಒಳಹರಿವು ಏರುತ್ತಿದೆ, ಮಟ್ಟ 2079.50 ಅಡಿಗೆ ಮುಟ್ಟಿದೆ. ಗೇಟು ಎತ್ತಿದರೆ ಕೆಳಗೆ ರಾಮದುರ್ಗ. 2019ರ ಆಗಸ್ಟಿನಲ್ಲಿ ಏನಾಯಿತೆಂದು ಅವನಿಗೆ ಗೊತ್ತು. ರಾಮದುರ್ಗದ ಹೊಳೆಯಂಚಿನ ಓಣಿಗಳಿಗೆ, ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನೀರು ಹೊಕ್ಕು ಜನ ಉಟ್ಟ ಬಟ್ಟೆಯಲ್ಲಿ ಎದ್ದು ಓಡಿದ್ದರು. ಆದರೆ ತುಂಬಿದ ದಿನ ಅಳುಮುಖ ಹಾಕಿಕೊಂಡರೆ ಅಪಶಕುನ. "ಏನ್ರೀ ಎಂಜಿನಿಯರ ಸಾಹೇಬ್ರ, ತಾಯಿ ತುಂಬ್ಯಾಳ, ಸ್ವಲ್ಪ ನಗರ್ರಲಾ" ಎಂದು ಯಾರಾದರೂ ಬೆನ್ನು ತಟ್ಟುತ್ತಾರೆ. ನಗುತ್ತಾನೆ. ಆ ನಗು ಸೇವಾ ನಿಯಮಗಳಲ್ಲಿ ಎಲ್ಲಿದೆ ಎಂದು ಹುಡುಕಬಾರದು, ಗುಪ್ತ ವರದಿಯಲ್ಲಿ ಇರುತ್ತದೆ.

ಅದೇ ಗುಂಪಿನಲ್ಲಿ ಕಟ್ಟೆಯ ಗೋಡೆಗೆ ಒರಗಿ ನಿಂತ ಮುದುಕನೊಬ್ಬ ಇರುತ್ತಾನೆ. ಅವನ ಅಜ್ಜನ ಹೊಲ ಆ ನೀರಿನ ಬುಡದಲ್ಲಿದೆ. ನೀರು ಇಳಿದ ಬೇಸಿಗೆಯಲ್ಲಿ ಬದುವಿನ ಗುರುತು ಕಾಣುತ್ತದೆ, ತುಂಬಿದರೆ ಕಾಣುವುದಿಲ್ಲ. ಅವನೂ ಚಪ್ಪಾಳೆ ತಟ್ಟುತ್ತಾನೆ. ತಟ್ಟದೆ ಮತ್ತೇನು ಮಾಡಬೇಕು? ಮಗನ ಹೊಲ ಕಾಲುವೆಯ ಕೆಳಗಿದೆ.

ಒಂದು ಅನುಕೂಲವನ್ನು ಇಲ್ಲಿ ಹೇಳಲೇಬೇಕು. ಬಾಗಿನದ ಕಾಲ ಆಗಸ್ಟು-ಸೆಪ್ಟೆಂಬರು. ಆಗ ರೇಣುಕೆ ಮುತ್ತೈದೆ. ಜಲಾಶಯವೇನಾದರೂ ಡಿಸೆಂಬರಿನಲ್ಲಿ ತುಂಬುವ ಪದ್ಧತಿ ಇಟ್ಟುಕೊಂಡಿದ್ದರೆ ಮೊರ ಹಿಡಿದವರೆಲ್ಲ ಬಹಳ ಪೇಚಿಗೆ ಸಿಲುಕುತ್ತಿದ್ದರು. ಏಕೆಂದರೆ ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮ ವಿಧವೆಯಾಗುತ್ತಾಳೆ.

ಜಮದಗ್ನಿ ಕೊಲೆಯಾದ ದಿನವೆಂದು ಆವತ್ತು ಗುಡ್ಡದಲ್ಲಿ ಬಳೆ ಒಡೆಯುತ್ತಾರೆ. ಜೋಗುಳಬಾವಿಯಲ್ಲಿ ಮಿಂದು ಏರಿ ಬಂದ ಹೆಂಗಸರು ಕೈ ಚಾಚುತ್ತಾರೆ, ಹಸಿರು ಗಾಜು ಚೂರಾಗಿ ಕಾಲಡಿ ಬೀಳುತ್ತದೆ, ಭಂಡಾರದ ಹಳದಿಯೊಳಗೆ ಹಸಿರು ಚೂರು ಮಿಂಚುತ್ತದೆ. ಆಡುಮಾತಿನಲ್ಲಿ ಇದು ರಂಡಿ ಹುಣ್ಣಿವಿ. ಅಲ್ಲಿಂದ ಎರಡನೆಯ ಹುಣ್ಣಿಮೆಯಾದ ಭಾರತ ಹುಣ್ಣಿಮೆ ಬಂದರೆ ಅದು ಮುತ್ತೈದಿ ಹುಣ್ಣಿವಿ; ತಾಯಿಗೆ ಮತ್ತೆ ಬಳೆ, ಮತ್ತೆ ಕುಂಕುಮ. ಎರಡು ಚಾಂದ್ರಮಾಸ, ಹತ್ತಿರ ಹತ್ತಿರ 59 ದಿನ. ಅಷ್ಟು ದಿನ ಆಕೆ ದುಃಖದಲ್ಲಿರಬಹುದು, ಅಧಿಕೃತವಾಗಿ. ಯಾರೂ ಬಂದು "ಇನ್ನೂ ಎಷ್ಟು ದಿನ ಅಳತೀಯವ್ವಾ, ಕೆಲಸ ನೋಡು" ಎನ್ನುವುದಿಲ್ಲ. 60ನೆಯ ದಿನಕ್ಕೂ ಅಳುತ್ತ ಕೂತರೆ ನಡೆಯುವುದಿಲ್ಲ ಎನ್ನುವುದು ಬೇರೆ ಮಾತು. ದೇವರಾದರೇನು, ಪಂಚಾಂಗ ಪಂಚಾಂಗವೇ.

ಇದೇ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನವೂ ನಡೆಯುತ್ತದೆ. ಮೊದಲ ದಿನದ ಮೊದಲ ಕಲಾಪ ಸಂತಾಪ ಸೂಚನೆ. ಕಳೆದ ಅಧಿವೇಶನದಿಂದ ಈಚೆಗೆ ತೀರಿಕೊಂಡ ಗಣ್ಯರ ಪಟ್ಟಿಯನ್ನು ಸಭಾಧ್ಯಕ್ಷರು ಓದುತ್ತಾರೆ. ಎಲ್ಲ ಪಕ್ಷದ ನಾಯಕರೂ ಸರದಿಯಂತೆ ಎದ್ದು ನಾಡಿಗೆ ತುಂಬಲಾರದ ನಷ್ಟವಾಯಿತು ಎನ್ನುತ್ತಾರೆ, ಎದ್ದು ನಿಂತು ಮೌನ ಆಚರಿಸುತ್ತಾರೆ, ಕೂತು ಬೈದಾಡತೊಡಗುತ್ತಾರೆ. 2024ರ ಡಿಸೆಂಬರ್ 10ರಂದು, ಅಧಿವೇಶನ ಆರಂಭವಾದ ಮರುದಿನ, ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ನಿಧನರಾದರು. ಸರ್ಕಾರ 3 ದಿನ ಶೋಕಾಚರಣೆ ಎಂದು ಆದೇಶ ಹೊರಡಿಸಿತು. ಸರ್ಕಾರಕ್ಕೆ 3 ದಿನ, ದೇವಿಗೆ 59 ದಿನ. ಎರಡಕ್ಕೂ ಲಿಖಿತವೋ ಅಲಿಖಿತವೋ ನಿಯಮ ಇದೆ, ಆರಂಭ ಇದೆ, ಮುಕ್ತಾಯ ಇದೆ.

ನಿಯಮವೇ ಇಲ್ಲದೆ ಬಿದ್ದಿರುವವರು ಒಬ್ಬರಿದ್ದಾರೆ: ತೀರಿಕೊಂಡ ಶಾಸಕನ ಹೆಂಡತಿ.

ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮು ಖಾಲಿಯಾದ ಕ್ಷೇತ್ರವನ್ನು 6 ತಿಂಗಳೊಳಗೆ ತುಂಬಬೇಕು ಎನ್ನುತ್ತದೆ. ತುಂಬಲಾರದ ನಷ್ಟಕ್ಕೂ ಕಾನೂನು ಗಡುವು ಇಟ್ಟಿದೆ ಎಂಬುದನ್ನು ಸಂತಾಪ ಸೂಚಿಸಿದವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಕುಂದಗೋಳವನ್ನೇ ತೆಗೆದುಕೊಳ್ಳಿ. ಶಾಸಕ ಸಿ.ಎಸ್. ಶಿವಳ್ಳಿ ತೀರಿಕೊಂಡದ್ದು 2019ರ ಮಾರ್ಚ್ 22. ಉಪಚುನಾವಣೆಯ ಮತದಾನ ಮೇ 19. ಎಣಿಸಿದರೆ 58 ದಿನ. ದೇವಿಗೆ ಕೊಟ್ಟದ್ದಕ್ಕಿಂತ ಒಂದು ದಿನ ಕಡಿಮೆ. ಆ 58ರೊಳಗೇ ಟಿಕೆಟ್ಟಿನ ಮಾತುಕತೆ, ನಾಮಪತ್ರ, ಮೆರವಣಿಗೆ, ಊರೂರು ತಿರುಗುವುದು ಎಲ್ಲ ಸೇರಿತು. ಕುಸುಮಾ ಶಿವಳ್ಳಿ 1,601 ಮತಗಳಿಂದ ಗೆದ್ದರು. ಅದಕ್ಕೂ ಮೊದಲು ಗುಂಡ್ಲುಪೇಟೆಯಲ್ಲಿ ಎಚ್.ಎಸ್. ಮಹದೇವಪ್ರಸಾದ್ 2017ರ ಜನವರಿ 3ರಂದು ಹೋದರು. ಏಪ್ರಿಲ್ 9ಕ್ಕೆ ಮತದಾನ, ಗೀತಾ ಮಹದೇವಪ್ರಸಾದ್ ಗೆದ್ದರು, ಸಚಿವೆಯೂ ಆದರು. ಇವರ ದುಃಖದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದು ಅವರದು. ಹೇಳಬೇಕಾದದ್ದು ಅದನ್ನು ತಕ್ಕಡಿಗೆ ಹಾಕಿದವರ ಬಗ್ಗೆ.

ಆ ಮಾತುಕತೆ ಯಾವ ಕ್ಷೇತ್ರದಲ್ಲೇ ನಡೆಯಲಿ, ಯಾವ ಪಕ್ಷದ್ದೇ ಇರಲಿ, ಹೀಗೇ ಇರುತ್ತದೆಂದು ಊಹಿಸಲು ಪತ್ರಕರ್ತನೇ ಆಗಬೇಕಿಲ್ಲ. ಹದಿಮೂರನೆಯ ದಿನದ ಊಟದ ಪತ್ರಾವಳಿ ಇನ್ನೂ ಹಿತ್ತಲಲ್ಲಿ ಬಿದ್ದಿರುತ್ತದೆ. ಪಡಸಾಲೆಯಲ್ಲಿ ಬ್ಲಾಕ್ ಅಧ್ಯಕ್ಷ, ಜಿಲ್ಲಾ ಉಸ್ತುವಾರಿ, ದೂರದ ಮೈದುನ.

"ಅಕ್ಕಾರ, ನೀವ ನಿಲ್ಲಬೇಕ್ರಿ. ಸಾಹೇಬ್ರ ಆತ್ಮಕ್ಕ ಶಾಂತಿ ಸಿಗಬೇಕಂದ್ರ ಬ್ಯಾರೆ ದಾರಿ ಇಲ್ರಿ."

"ನನಗ ಏನೂ ತಿಳಿಯಂಗಿಲ್ಲ ಅಣ್ಣಾರ."

"ತಿಳಿಯೂದು ಏನೈತ್ರಿ ಅದರಾಗ? ನೀವು ಬರೇ ಕೈ ಮುಗೀರಿ, ಮಾತು ನಾವು ಆಡತೀವಿ. ಆದರ ಒಂದು ಮಾತ್ರಿ. ಭಾಷಣದ ನಡಬರಕ ಸಾಹೇಬ್ರ ಹೆಸರು ಬರತದ. ಅಲ್ಲಿ ಸ್ವಲ್ಪ ಕಣ್ಣೀರ ಬಂದರ ಬರಲಿ, ತಡೀಬ್ಯಾಡ್ರಿ. ಅದಕ್ಕಿಂತ ಮೊದಲ ಬಂದರ ಮಾತ್ರ ತಡೀರಿ."

"ತಡದರೂ ಬಂದರ?"

"ಸೆರಗಿನ್ಯಾಗ ಒರಸಕೋರ್ರಿ. ಅದೂ ಫೋಟೋಕ್ಕ ಛಲೋ ಬರತದ."

ನೋಡಿ, ಇದೇ ಮರಳಿನ ಕೊಡ. ಕಟ್ಟಬೇಕಾದ ಮರಳು ಅವಳದು, ಕೊಡದ ಅಳತೆ ಮಾತ್ರ ಪಕ್ಷದ್ದು. ಅವಳು ಅಳದಿದ್ದರೆ ಕಟ್ಟೆಯ ಮೇಲೆ ಕೂತವರು "ಗಟ್ಟಿಗಿತ್ತಿ ಬಿಡ್ರಿ, ಗಂಡ ಸತ್ತು ಎರಡ ತಿಂಗಳಾಗಿಲ್ಲ, ಹೆಂಗ ಮಾತಾಡ್ತಾಳ ನೋಡ್ರಿ" ಎನ್ನುತ್ತಾರೆ. ಅತ್ತರೆ ಅದೇ ಕಟ್ಟೆಯವರು "ಓಟಿಗೆ ನಾಟಕ" ಎನ್ನುತ್ತಾರೆ. ಹಣೆ ಬೋಳಿದ್ದರೆ ಪೋಸ್ಟರಿಗೆ ಚೆಂದ, ಆದರೆ ಹಳ್ಳಿಯಲ್ಲಿ ಆರತಿ ಹಿಡಿದ ಹೆಂಗಸರು ಅನುಮಾನಿಸುತ್ತಾರೆ. ಕುಂಕುಮವಿದ್ದರೆ ಆರತಿಗೆ ಅಡ್ಡಿಯಿಲ್ಲ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಡ್ಡಿ. ಬ್ಯಾನರಿನಲ್ಲಿ ಗಂಡನ ಫೋಟೋ ಆಳೆತ್ತರ, ಹಾರ ಹಾಕಿದ್ದು. ಅವಳದು ಅದರ ಮೊಣಕಾಲಿನ ಹತ್ತಿರ ದುಂಡಗೆ. ಅಭ್ಯರ್ಥಿ ಯಾರೆಂದು ಅರಿಯದವನು ಬಂದು ನೋಡಿದರೆ ಸತ್ತವನಿಗೇ ಓಟು ಹಾಕಿ ಹೋಗುತ್ತಾನೆ. ಹೆಂಡತಿಯನ್ನು ಕಳೆದುಕೊಂಡ ಶಾಸಕನನ್ನು ಇದೇ ಜನ ಹೀಗೆ ಮೇಲಿನಿಂದ ಕೆಳಗೆ ನೋಡಿದ್ದನ್ನು ಯಾರಾದರೂ ಕಂಡಿದ್ದರೆ ತಿಳಿಸಬೇಕು.

ನಮ್ಮ ಕ್ಷೇತ್ರಕ್ಕೇ ಬರೋಣ. ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಸೇರುತ್ತವೆ; ಕಿತ್ತೂರನ್ನು ಮಾತ್ರ ಉತ್ತರ ಕನ್ನಡಕ್ಕೆ ಕಟ್ಟಿದ್ದಾರೆ. ನಾಲ್ಕು ಸಲ ಗೆದ್ದ ಸುರೇಶ ಅಂಗಡಿ ರೈಲ್ವೆ ರಾಜ್ಯ ಸಚಿವರಾಗಿದ್ದಾಗಲೇ 2020ರ ಸೆಪ್ಟೆಂಬರ್ 23ರಂದು ಕೊರೊನಾದಿಂದ ದೆಹಲಿಯಲ್ಲಿ ತೀರಿಕೊಂಡರು. ದೇಹ ಊರಿಗೆ ಬರಲಿಲ್ಲ. ದ್ವಾರಕಾದಲ್ಲೇ ಅಂತ್ಯಕ್ರಿಯೆ ಆಯಿತು. ಆ ವರ್ಷ ಹೆಣದ ಮುಖ ನೋಡದೆ ದುಃಖ ನುಂಗಿದ ಮನೆಗಳು ಎಷ್ಟೋ. ಅಂಥದೊಂದು ಮನೆಯಿಂದ ಮಂಗಲಾ ಅಂಗಡಿಯವರನ್ನು 2021ರ ಏಪ್ರಿಲ್ 17ರ ಉಪಚುನಾವಣೆಗೆ ನಿಲ್ಲಿಸಲಾಯಿತು. ಗೆದ್ದರು, 5,240 ಮತಗಳಿಂದ. 2019ರಲ್ಲಿ ಗಂಡ ಗೆದ್ದದ್ದು 3.9 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ. ಟಿವಿಯಲ್ಲಿ ವಿಶ್ಲೇಷಕರು ಅನುಕಂಪದ ಅಲೆ ಏಕೆ ಏಳಲಿಲ್ಲ ಎಂದು ಅರ್ಧ ತಾಸು ಚರ್ಚೆ ಮಾಡಿದರು. ಹವಾಮಾನ ಇಲಾಖೆಯೊಂದನ್ನು ಬಿಟ್ಟರೆ ಅಲೆಯ ಎತ್ತರ ಅಳೆಯುವವರು ಇವರೇ.

ಸವದತ್ತಿಯ ಶಾಸಕರೂ ವಿಧಾನಸಭೆಯ ಉಪಸಭಾಧ್ಯಕ್ಷರೂ ಆಗಿದ್ದ ಆನಂದ ಮಾಮನಿ 2022ರ ಅಕ್ಟೋಬರಿನಲ್ಲಿ ಹೋದರು. ವಿಧಾನಸಭೆಯ ಅವಧಿ ಒಂದು ವರ್ಷವೂ ಉಳಿದಿರಲಿಲ್ಲ, ಹಾಗಾಗಿ ಉಪಚುನಾವಣೆಯ ಪ್ರಶ್ನೆ ಬರಲಿಲ್ಲ. 2023ರ ಮೇನಲ್ಲಿ ಟಿಕೆಟ್ಟು ರತ್ನಾ ಮಾಮನಿ ಅವರಿಗೆ ಸಿಕ್ಕಿತು, ಗೆಲುವು ಸಿಗಲಿಲ್ಲ. ಯಲ್ಲಮ್ಮನ ಕ್ಷೇತ್ರದಲ್ಲೇ, ವರ್ಷಕ್ಕೊಮ್ಮೆ ಒಬ್ಬ ವಿಧವೆಯ ಕಾಲಿಗೆ ಲಕ್ಷಗಟ್ಟಲೆ ಜನ ಬೀಳುವ ಊರಿನಲ್ಲೇ.

ಅನುಕಂಪ ಎಷ್ಟು ದಿನ ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಗೆ ಈಗ ನಮ್ಮಲ್ಲಿ ಸಾಕಷ್ಟು ಅನುಭವ ಇದೆ. ಒಂದು ಚುನಾವಣೆ. ಗೀತಾ ಅವರು 2018ರಲ್ಲಿ ಸೋತರು. ಕುಸುಮಾ ಅವರು 2023ರಲ್ಲಿ ಸೋತರು. ಮಂಗಲಾ ಅವರಿಗೆ 2024ರಲ್ಲಿ ಟಿಕೆಟ್ಟೇ ಬರಲಿಲ್ಲ. ಅದು ಅವರ ಬೀಗರಾದ ಜಗದೀಶ ಶೆಟ್ಟರ ಪಾಲಿಗೆ ಹೋಯಿತು. ಶೆಟ್ಟರು 2023ರ ಏಪ್ರಿಲಿನಲ್ಲಿ ಮನನೊಂದು ಪಕ್ಷ ಬಿಟ್ಟವರು, 2024ರ ಜನವರಿಯಲ್ಲಿ ಅದೇ ಪಕ್ಷಕ್ಕೆ ಮರಳಿದವರು, ಬೆಳಗಾವಿಯಿಂದ ಗೆದ್ದವರು. ಹೋಗುವಾಗಲೂ ಬರುವಾಗಲೂ ಮುಖದ ಮೇಲೆ ಒಂದು ಗೆರೆ ಹೆಚ್ಚು ಕಡಿಮೆ ಆಗಲಿಲ್ಲ. ಮರಳಿನ ಕೊಡ ಕಟ್ಟಲು ಪಾತಿವ್ರತ್ಯ ಬೇಕೇ ಬೇಕು ಎನ್ನುವುದು ಅಲ್ಲಿಗೆ ಸುಳ್ಳಾಯಿತು.

ಗಂಡಸರ ಕಣ್ಣೀರಿನ ಲೆಕ್ಕವೇ ಬೇರೆ. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ, 2018ರ ಜುಲೈಯಲ್ಲಿ ತಮ್ಮ ಸನ್ಮಾನದ ವೇದಿಕೆಯಲ್ಲೇ ಅತ್ತರು. ಮೈತ್ರಿಯ ನಂಜು ನುಂಗಿದ ವಿಷಕಂಠ ತಾವೆಂದರು. ಬಿ.ಎಸ್. ಯಡಿಯೂರಪ್ಪ 2021ರ ಜುಲೈ 26ರಂದು, ಸರ್ಕಾರದ ಎರಡು ವರ್ಷದ ಸಂಭ್ರಮಾಚರಣೆಯಲ್ಲಿ, ಗಂಟಲು ಕಟ್ಟಿ ಅಳುತ್ತ ರಾಜೀನಾಮೆ ಘೋಷಿಸಿದರು. ದುಃಖದಿಂದಲ್ಲ, ಸಂತೋಷದಿಂದ ಕೊಡುತ್ತಿದ್ದೇನೆ ಎಂದರು. ಆ ಸಂತೋಷವನ್ನು ನೋಡಲಾಗದೆ ನಾಡಿನಲ್ಲಿ ಎಷ್ಟೋ ಜನ ಟಿವಿ ಆರಿಸಿದರು. ಯಾರೂ ಇವರಿಗೆ ಇಷ್ಟೇ ಅಳಿ, ಇಲ್ಲೇ ಅಳಿ ಎಂದು ಮೊದಲೇ ಹೇಳಿರಲಿಲ್ಲ. ಗಂಡಸಿನ ಕಣ್ಣೀರು ಬ್ರೇಕಿಂಗ್ ನ್ಯೂಸು. ಹೆಂಗಸಿನದು ಪ್ರಚಾರ ಸಾಮಗ್ರಿ, ಆದರೂ ಚುನಾವಣಾ ವೆಚ್ಚದ ಪಟ್ಟಿಯಲ್ಲಿ ತೋರಿಸಬೇಕಿಲ್ಲ.

ನಿಜವಾಗಿ ವಿಷ ಕುಡಿದವರೊಬ್ಬರ ಮಾತು ಇಲ್ಲಿ ನೆನಪಾಗುತ್ತದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯದು ಉಪಮೆಯ ವಿಷವಲ್ಲ, ಬಾಟಲಿಯದು. ಬದುಕಿ ಉಳಿದದ್ದನ್ನು ಅವರೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ, ಹೇಳುತ್ತ ಸಭೆಯನ್ನು ನಗಿಸಿದ್ದಾರೆ. ಹುಲಿಗೆಮ್ಮನ ಗುಡಿಯಲ್ಲಿ ಜೋಗತಿಯಾಗಿ ಸೀರೆ ಉಟ್ಟು ಬಳೆ ಇಟ್ಟ ದಿನ ತಾಯಿ ಮಗ ಸತ್ತನೆಂಬಂತೆ ಅತ್ತಳಂತೆ. ಕೊಡ ಹೊತ್ತು ಕುಣಿಯುವುದನ್ನು ಕಾಳವ್ವ ಜೋಗತಿಯಿಂದ ಕಲಿತರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನಕ್ಕೆ ಹೋದವರು ಸೆರಗು ಹಿಡಿದು ರಾಮನಾಥ ಕೋವಿಂದರ ದೃಷ್ಟಿಯನ್ನೇ ತೆಗೆದುಬಿಟ್ಟರು. ಶಿಷ್ಟಾಚಾರದ ಅಧಿಕಾರಿಗಳು ಉಸಿರು ಬಿಗಿಹಿಡಿದ ಆ ಅರ್ಧ ನಿಮಿಷ, ನನ್ನ ಪ್ರಕಾರ, ಆಗಿನ ದರಬಾರು ಸಭಾಂಗಣದಲ್ಲಿ ನಡೆದ ಅತ್ಯಂತ ಅಚ್ಚುಕಟ್ಟಾದ ಕೆಲಸ. ನಾವೂ ಚಪ್ಪಾಳೆ ತಟ್ಟಿದೆವು, ವಿಡಿಯೊ ಹಂಚಿದೆವು. ಮನೆಯ ಮಗ ಸೀರೆ ಬೇಕೆಂದರೆ ಏನು ಮಾಡುತ್ತೇವೆ ಎಂಬುದನ್ನು ವಿಡಿಯೊದ ಕೆಳಗೆ ಬರೆಯಲು ಜಾಗವಿರಲಿಲ್ಲ.

ಇನ್ನು ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳು. 1982ರ ಕಾಯ್ದೆ ಅದನ್ನು ಅಪರಾಧವೆಂದಿತು. ಅದಕ್ಕೂ ಮೊದಲು ಊರು ಅವರನ್ನು ನಿತ್ಯ ಮುತ್ತೈದೆ ಎಂದಿತ್ತು: ಗಂಡ ಎಂಬವನೇ ಇಲ್ಲದ್ದರಿಂದ ಸಾಯುವ ಭಯವಿಲ್ಲ. ಮದುವೆಯಲ್ಲಿ ಮೊದಲ ಅರಿಶಿನಕ್ಕೆ ಬೇಕು, ಮದುವೆಯ ಊಟದ ಪಂಕ್ತಿಗೆ ಬೇಡ. ಹೊಸ್ತಿಲ ಹುಣ್ಣಿಮೆಗೆ ಎಂದೂ ಇಲ್ಲದ ಗಂಡನಿಗಾಗಿ ಬಳೆ ಒಡೆಸಿಕೊಳ್ಳುತ್ತಾರೆ. ಆವತ್ತು ಗುಡ್ಡದಲ್ಲಿ ಬಿಕ್ಕಿ ಅಳುವ ಹೆಂಗಸು ಜಮದಗ್ನಿಗಾಗಿಯೇ ಅಳುತ್ತಿದ್ದಾಳೆಂದು ನಂಬಲು ಬಹಳ ಭಕ್ತಿ ಬೇಕು. ಅಷ್ಟು ಭಕ್ತಿ ನನಗಿಲ್ಲ. ವರ್ಷವಿಡೀ ತಡೆದದ್ದಕ್ಕೆ ತಾಯಿ ತನ್ನ ಗಂಡನ ಹೆಸರನ್ನು ಸಾಲವಾಗಿ ಕೊಟ್ಟಿರಬೇಕು.

ಅಷ್ಟು ಸಾಲವೂ ಹುಟ್ಟದ ಒಬ್ಬಳು ಕಿತ್ತೂರಿನವಳು.

ಚೆನ್ನಮ್ಮನ ಗಂಡ ಮಲ್ಲಸರ್ಜ ಪೇಶ್ವೆಯ ಸೆರೆಯಲ್ಲಿ ಸವೆದು 1816ರಲ್ಲಿ ಸತ್ತ. ಸವತಿಯ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಮಕ್ಕಳಿಲ್ಲದೆ ಹೋದ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ದತ್ತು ಒಪ್ಪುವುದಿಲ್ಲ ಎಂದು ಬೊಕ್ಕಸಕ್ಕೆ ಮೊಹರು ಹಾಕಿದ. ಸತ್ತ ಮನೆಗೆ ಬಂದು ತಿಜೋರಿ ಎಲ್ಲಿದೆ ಎಂದು ಕೇಳುವ ನೆಂಟರನ್ನು ನಾವೂ ಕಂಡಿದ್ದೇವೆ. ಇವನ ಹಿಂದೆ ತೋಪಿತ್ತು, ಅಷ್ಟೇ ವ್ಯತ್ಯಾಸ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಿತು, ಥ್ಯಾಕರೆ ಹೆಣವಾದ. ಮಗನ ಸಾವಿನಿಂದ ಆ ದಿನದವರೆಗೆ ಎಣಿಸಿ. ಆರು ವಾರ. ಆರು ವಾರದಲ್ಲಿ ಆ ಹೆಂಗಸು ಮಣ್ಣು ಮುಗಿಸಿ, ವಿಧವೆಯಾದ ಸೊಸೆಯನ್ನು ಸಂತೈಸಿ, ಕಂಪನಿಗೆ ಅರ್ಜಿ ಬರೆಸಿ, ಮದ್ದುಗುಂಡು ಕೂಡಿಸಿ, ದರಬಾರಿನಲ್ಲಿ ಕೂತು ಮಾತಾಡಿದಳು. ಸೆರೆ ಸಿಕ್ಕ ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳಿಗೆ ಹೊತ್ತು ಹೊತ್ತಿಗೆ ಊಟ ಕೊಟ್ಟು ನೋಡಿಕೊಂಡಳು. ಯಾವ ಹೊತ್ತಿನಲ್ಲಿ ಅತ್ತಳೋ, ದಫ್ತರಿನಲ್ಲಿ ಇಲ್ಲ.

ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚಂದ್ರನ ಲೆಕ್ಕ ಹಾಕಿ ನೋಡಿದರೆ ಆ ವರ್ಷದ ಮಾರ್ಗಶಿರ ಹುಣ್ಣಿಮೆಯೂ ಅದೇ ವಾರವೇ ಬಿದ್ದಿದೆ. ಸವದತ್ತಿಯ ಗುಡ್ಡದಲ್ಲಿ ಬಳೆ ಒಡೆಯುತ್ತಿದ್ದ ದಿನಗಳಲ್ಲೇ ಕಿತ್ತೂರಿನಲ್ಲಿ ಕೋಟೆ ಒಡೆಯುತ್ತಿತ್ತು. ಯಲ್ಲಮ್ಮ ಫೆಬ್ರುವರಿಗೆ ಮತ್ತೆ ಮುತ್ತೈದೆಯಾದಳು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆ ಕೂತು 1829ರಲ್ಲಿ ಸತ್ತಳು. ನಾಲ್ಕು ವರ್ಷಕ್ಕೂ ಮಿಕ್ಕಿದ ಸೆರೆ. ಅವಳ ಬದುಕಿನಲ್ಲಿ ಯಾರಿಗೂ ಮುಖ ತೋರಿಸಬೇಕಿಲ್ಲದ ಕಾಲ ಅದೊಂದೇ ಇದ್ದಿರಬಹುದು.

ಆ ನಾಲ್ಕು ವರ್ಷದ ಪ್ರತಿಮೆ ನಮ್ಮಲ್ಲಿ ಎಲ್ಲೂ ಇಲ್ಲ. ಇರುವುದೆಲ್ಲ ಕುದುರೆ, ಕತ್ತಿ, ಹಾರುವ ಸೆರಗು. ಕಿತ್ತೂರಿನಲ್ಲಿ, ಬೆಳಗಾವಿಯಲ್ಲಿ, ಹುಬ್ಬಳ್ಳಿಯ ವೃತ್ತದಲ್ಲಿ, 2007ರಿಂದ ದೆಹಲಿಯ ಸಂಸತ್ತಿನ ಆವರಣದಲ್ಲೂ. 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿ ಕತ್ತಿ ಹಿಡಿದ ಮೇಲೆ ಆ ಕತ್ತಿಯನ್ನು ಕೆಳಗಿಡಲು ನಾವು ಬಿಟ್ಟಿಲ್ಲ. ಪ್ರತಿ ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ. 2024ರಲ್ಲಿ 200 ವರ್ಷವೆಂದು ಇನ್ನೂ ಜೋರು. ವೇದಿಕೆಗೆ ಬಂದ ಪ್ರತಿ ಮುಖಂಡನೂ ತಾಯಿ ಚೆನ್ನಮ್ಮನ ಧೈರ್ಯ ನಮ್ಮ ಹೆಣ್ಣುಮಕ್ಕಳಿಗೆ ಮಾದರಿಯಾಗಲಿ ಎನ್ನುತ್ತಾನೆ. ಹಾಗೆಂದರೆ ಮನೆಗೆ ಹೋಗಿ ಹೆಂಡತಿಗೆ "ಅಳೂದು ನಿಲ್ಲಸು" ಎನ್ನುವುದಕ್ಕೆ ಸರ್ಕಾರಿ ಅನುದಾನದ ಬೆಂಬಲ ಸಿಕ್ಕಂತೆ. ಸೆರೆಯಲ್ಲಿ ಕೂತ ಮುದುಕಿಯ ಪ್ರತಿಮೆ ಮಾಡಿಸಿದರೆ ಅದರ ಕೆಳಗೆ ನಿಂತು ಯಾವ ಘೋಷಣೆ ಕೂಗುವುದು? ಹಾರ ಹಾಕಿದವನು ಏನು ಮುಖ ಮಾಡಿಕೊಂಡು ಫೋಟೋಕ್ಕೆ ನಿಲ್ಲುವುದು? ಬೈಲಹೊಂಗಲದ ಸಮಾಧಿಗೆ ಹೋದವರು ಪೆಚ್ಚಾಗಿ ನಿಂತು, ಪಕ್ಕದವನಿಗೆ ಊಟದ ವ್ಯವಸ್ಥೆ ಎಲ್ಲಿದೆ ಎಂದು ಕೇಳುವುದು ಇದಕ್ಕೇ.

ಆದ್ದರಿಂದ ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಒಂದು ಸಲಹೆ. ಟಿಕೆಟ್ಟು ಕೊಡುವಾಗ ಬಿ ಫಾರಮ್ಮಿನ ಜೊತೆ 59 ದಿನದ ರಜೆಯನ್ನೂ ಕೊಡಿ. ಯಲ್ಲಮ್ಮನಿಗೆ ಒಗ್ಗಿದ ನಿಯಮ ಮನುಷ್ಯರಿಗೆ ಒಗ್ಗದೆ ಇರಲಾರದು. ಆ 59 ದಿನ ಅವಳು ಅಳಬಹುದು, ಅಳದೆ ನಿದ್ದೆ ಮಾಡಬಹುದು, ಹೋದವನ ಮೇಲೆ ಸಿಟ್ಟಾಗಬಹುದು. ಸಾಲದ ಕಾಗದ ಬಿಚ್ಚಿ ನೋಡಿ ಬೈಯಬಹುದು, ಯಾವುದೋ ಹಳೆಯ ಜೋಕು ನೆನಪಾಗಿ ನಗಲೂಬಹುದು. ಎಂಜಿನಿಯರನಿಗೂ ಒಂದು ದಿನ ಕೊಟ್ಟರೆ ಲೇಸು, ಬಾಗಿನದ ಮರುದಿನ. ಚುನಾವಣಾ ಆಯೋಗ ಒಪ್ಪದಿದ್ದರೆ ಪಕ್ಷಗಳು ಗಂಡಸರನ್ನೇ ನಿಲ್ಲಿಸಿಕೊಳ್ಳಲಿ. ಅವರು ಹೇಗೂ ಎಲ್ಲಿ ಬೇಕಾದರೂ ಅಳುತ್ತಾರೆ.

ಈ ಸಲಹೆಯನ್ನು ಯಲ್ಲಮ್ಮನ ಗುಡ್ಡದ ಬಳೆಗಾರನೊಬ್ಬನಿಗೆ ಹೇಳಿದೆ. ಅವನು ಗಾಜಿನ ಡಜನ್ನುಗಳನ್ನು ದಾರದಲ್ಲಿ ಪೋಣಿಸುತ್ತ ಕೇಳಿಸಿಕೊಂಡ.

"59 ದಿನ ಬಳಿ ಇಡಂಗಿಲ್ಲ ಅಂದ್ರ ನಮ್ಮ ಹೊಟ್ಟಿ ಪಾಡೇನ್ರಿ?"

"ನಿನಗ ಲುಕ್ಸಾನ ಎಲ್ಲೈತಿ? ಒಡಿಯೂ ಮುಂದೂ ನಿನ್ನ ಹತ್ರನ ಬರತಾರ, ಇಡೂ ಮುಂದೂ ನಿನ್ನ ಹತ್ರನ ಬರತಾರ."

"ಅದು ಖರೇರಿ. ಎರಡೂ ಹುಣ್ಣಿವಿ ನಮಗ ಛಲೋನ. ಇಡೂ ಬಳಿಗೆ ಚೌಕಾಸಿ ಬಾಳ ಮಾಡತಾರ, ಒಡಿಯೂ ಬಳಿಗೆ ಯಾರೂ ಚಕಾರ ಎತ್ತಂಗಿಲ್ಲ." ಪೆಟ್ಟಿಗೆಯ ಮುಚ್ಚಳ ತೆಗೆದು ನನ್ನ ಕಡೆ ತಿರುಗಿಸಿದ. "ನಿಮ್ಮ ಮನಿಯಾರಿಗೆ ಯಾವು ಕೊಡ್ಲಿ ಹೇಳ್ರಿ?"